ನೀರಿಗಿಳಿದ ಸರ

ಕುಂದಲಹಳ್ಳಿಯ ವೇಣಿ ಅಂಗಡಿ ಆಂಜಿನಪ್ಪನ ಜೊತೆ ಜಗಳಕ್ಕೆ ನಿಂತದ್ದು ಒಂದು ಎಣ್ಣೆ ಪ್ಯಾಕೆಟ್ಟಿಗಾಗಿ.

"ಒಂದು ಲೀಟ್ರು ಅಂತ ಕೊಟ್ರಿ. ಮನೇಲಿ ತೂಗಿದ್ರೆ ಒಂಬೈನೂರ ಹದಿನೈದು ಗ್ರಾಂ ಬಂತು. ಉಳಿದಿದ್ದು ಎಲ್ಲೋಯ್ತು?"

"ಕಂಪ್ನಿ ಪ್ಯಾಕೆಟ್ಟು ಕಣಮ್ಮಾ. ನಾನೇನು ಸೂಜಿ ಚುಚ್ಚಿ ಎಣ್ಣೆ ಎಳ್ಕೊಂಡಿದ್ದೀನಾ?"

ಅಂಗಡಿ ಮುಂದೆ ಐದಾರು ಜನ ಸೇರಿದರು. ವೇಣಿಯ ದನಿ ಇನ್ನೂ ಏರಿತು. ಅಷ್ಟರಲ್ಲಿ ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡು, ಬೆಳಗಿನ ಶಿಫ್ಟ್ ಮುಗಿಸಿದ ದಿವ್ಯಾ ಕಂಪನಿ ಕ್ಯಾಬ್‌ನಿಂದ ಇಳಿದಳು. ದಿವ್ಯಾ ಅಂದರೆ ವೇಣಿಯ ವಾರಗಿತ್ತಿ, ಮೈದುನನ ಹೆಂಡತಿ. ಡಿಪ್ಲೊಮಾ ಓದಿದವಳು. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ, ಎರಕ ಹೊಯ್ದ ಲೋಹದ ಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ.

ಅವಳು ಪ್ಯಾಕೆಟ್ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಅಕ್ಕ, ಅವರ ತಪ್ಪಿಲ್ಲ. ಲೀಟರ್ ಅನ್ನೋದು ಎಷ್ಟು ಜಾಗ ಹಿಡಿಯುತ್ತೆ ಅನ್ನೋ ಲೆಕ್ಕ. ಕೆ.ಜಿ. ಅನ್ನೋದು ತೂಕದ ಲೆಕ್ಕ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತೆ. ಎಣ್ಣೆ ಅಷ್ಟು ತೂಗಲ್ಲ. ಅದಕ್ಕೇ ಅಲ್ವಾ ನೀರಿನ ಮೇಲೆ ತೇಲೋದು? ಪ್ಯಾಕೆಟ್ ಮೇಲೇ ಹಾಕಿದ್ದಾರೆ ನೋಡಿ, ಒಂಬೈನೂರ ಹತ್ತು ಗ್ರಾಂ. ಮಿಕ್ಕಿದ್ದು ಕವರಿನ ತೂಕ. ಸಿಂಪಲ್."

ಯಾರೋ ಕಿಸಕ್ಕನೆ ನಕ್ಕರು. ಆಂಜಿನಪ್ಪ, "ಓದ್ದೋರು ಅಂದ್ರೆ ಇಂಗಿರ್ಬೇಕು" ಅಂದ. ವೇಣಿ ಪ್ಯಾಕೆಟ್ ಕಿತ್ತುಕೊಂಡು ಹಿಂದಿರುಗಿ ನೋಡದೆ ಮನೆಗೆ ನಡೆದಳು. ಆ 'ಸಿಂಪಲ್' ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ನಿಜ ಹೇಳಬೇಕೆಂದರೆ ಮುಳ್ಳು ಅಂದು ಹೊಸದಾಗಿ ಚುಚ್ಚಿದ್ದಲ್ಲ. ವೇಣಿ ಆ ಮನೆಗೆ ಬಂದು ಹನ್ನೊಂದು ವರ್ಷ. ಮೇಲಿನ ಆರು ಬಾಡಿಗೆ ಮನೆಗಳ ನೀರು, ಕಸ, ಕರೆಂಟು ಎಲ್ಲ ಅವಳೇ ನೋಡುತ್ತಿದ್ದಳು. ದಿವ್ಯಾ ಬಂದು ಎರಡು ವರ್ಷ. ಆದರೂ ಅತ್ತೆ ಭದ್ರಮ್ಮ ಮಧ್ಯಾಹ್ನವಾದರೆ ಸಾಕು, "ದಿವ್ಯಾ ಬಂದ್ಲಾ? ಪಾಪ, ಬೆಳಿಗ್ಗೆ ಐದಕ್ಕೆ ಹೋಗೈತೆ ಮಗು" ಅನ್ನುವರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆ ಮಗುವಿಗೆ ಡಬ್ಬಿ ಕಟ್ಟುತ್ತಿದ್ದವಳು ವೇಣಿ. ಅದು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆ ತಿಂಗಳು ನೆಂಟರ ಗೃಹಪ್ರವೇಶಕ್ಕೆ ದಿವ್ಯಾ ಹೊಸ ಕಾಸಿನ ಸರ ಹಾಕಿಕೊಂಡು ಬಂದಳು. ತನ್ನ ಸಂಬಳದಲ್ಲೇ ಮಾಡಿಸಿಕೊಂಡದ್ದು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸರವನ್ನು ಬೆರಳಲ್ಲಿ ಎತ್ತಿ ನೋಡಿದರು. ಅದೇ ಹೊತ್ತಿಗೆ ವೇಣಿ ಕೈಯಲ್ಲಿ ಸಾಂಬಾರಿನ ಬಕೆಟ್ಟು. "ಇನ್ನೊಸಿ ಬಿಡು ವೇಣಿ" ಎಂದು ಎಲೆಯ ಮುಂದೆ ಕೂತವರು ಹೇಳುತ್ತಿದ್ದರೆ, ಅವಳ ಕಣ್ಣು ಮಾತ್ರ ಆ ಸರದ ಮೇಲೆ. ಸಾಂಬಾರು ಎಲೆ ಬಿಟ್ಟು ಟೇಬಲ್ಲಿನ ಮೇಲೆ ಹರಿಯಿತು.

ಹೊಟ್ಟೆಕಿಚ್ಚಿಗೆ ಹೊಗೆ ಇರುವುದಿಲ್ಲ. ಇದ್ದಿದ್ದರೆ ಅಂದು ಆ ಹೊಸ ಮನೆಯೇ ತುಂಬುತ್ತಿತ್ತು.

ಅದಾಗಿ ಎಂಟು ದಿನಕ್ಕೆ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಹಿಂದಿನ ಬೀದಿಯಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದರಲ್ಲ, ಅಲ್ಲಿಯ ಕೂಲಿಯವಳಂತೆ. ಕುಡಿಯಲು ನೀರು ಕೇಳಿದಳು. ಕುಡಿದು, ಆ ಕಡೆ ಈ ಕಡೆ ನೋಡಿ, ಸೆರಗಿನ ಗಂಟು ಬಿಚ್ಚಿದಳು. ಒಳಗೆ ಗುಂಡುಗಳ ದಪ್ಪ ಸರ. ಹಳದಿಗೆ ಫಳಫಳ ಅನ್ನುತ್ತಿತ್ತು.

"ಮಣ್ಣು ಅಗೀವಾಗ ಸಿಕ್ತು ಅಕ್ಕ. ಅಂಗಡಿಗೆ ವೋದ್ರೆ ಬಿಲ್ಲು ಕೇಳ್ತಾರೆ, ಪೊಲೀಸ್ರು ಅಂತಾರೆ. ನಂಗೆ ಇದು ಬ್ಯಾಡ. ನಿಮ್ ಕೈಯಾಗಿನ ಬಳೆ ಕೊಡಿ, ಇದು ಇಟ್ಕೊಳ್ಳಿ. ಬಳೆ ಆದ್ರೆ ನಾನು ಎಲ್ಲಾರಾ ಮಾರ್ಕೊಂತೀನಿ."

ವೇಣಿಯ ಕೈಯಲ್ಲಿದ್ದದ್ದು ತಾಯಿ ಚಿಕ್ಕಮುನಿಯಮ್ಮ ಮದುವೆಗೆ ಹಾಕಿದ ಎರಡು ಗಟ್ಟಿ ಬಳೆ.

"ಇದು ಚಿನ್ನಾನೇ ಅಂತ ಏನು ಗ್ಯಾರಂಟಿ?"

ಆ ಹೆಂಗಸು ನೊಂದುಕೊಂಡವಳಂತೆ ಸರದಿಂದ ಒಂದು ಗುಂಡು ಬಿಡಿಸಿ ಕೊಟ್ಟಳು. "ನೀವೇ ತೋರ್ಸಿ ಅಕ್ಕ. ನಾಳಿದ್ದು ಬತ್ತೀನಿ."

ವೇಣಿ ಆ ಗುಂಡನ್ನು ಅಕ್ಕಸಾಲಿ ನೀಲಪ್ಪನ ಹತ್ತಿರ ಒಯ್ದಳು. ಅವನು ಒರೆಗಲ್ಲಿಗೆ ತಿಕ್ಕಿ ನೋಡಿ, "ಒಳ್ಳೇ ಚಿನ್ನ ಕಣಮ್ಮ. ಒಂದೇ ಗುಂಡು ಯಾಕೆ?" ಅಂದ. "ಅಮ್ಮನ ಹಳೇ ಸರದ್ದು" ಎಂದು ವೇಣಿ ಸುಳ್ಳು ಹೇಳಿದಳು.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತಾಗ ಸರ ಕೊರಳಲ್ಲೇ ಇದ್ದ ಹಾಗೆ. ಪಕ್ಕದಲ್ಲಿ ದಿವ್ಯಾಳ ಮುಖ ಬಾಡಿದ ಹಾಗೆ. ಗಂಡ ಶಿವರಾಜ್‌ಗೂ ಹೇಳಲಿಲ್ಲ. ಹೇಳಿದರೆ ಬೇಡ ಅಂದುಬಿಟ್ಟರೆ?

ಹೆಂಗಸನ್ನು ಅವಳು ಬರಹೇಳಿದ್ದು ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ಗಂಡಸರು ಯಾರೂ ಮನೆಯಲ್ಲಿರುವುದಿಲ್ಲ, ಅತ್ತೆ ಮಲಗಿರುತ್ತಾರೆ. ಮುಖ್ಯವಾಗಿ, ಆ ಹೊತ್ತಿಗೆ ದಿವ್ಯಾ ಕೆಲಸದಿಂದ ಬರುತ್ತಾಳೆ. ವೇಣಿಗೆ ಸರ ಸಿಕ್ಕರೆ ಸಾಲದು, ಅದನ್ನು ದಿವ್ಯಾ ನೋಡಬೇಕು.

ಹೆಂಗಸು ಬಂದಳು. ಗೇಟಿನ ಹೊರಗೆ ಒಬ್ಬ ಗಂಡಸು ಬೈಕ್ ಮೇಲೆ ಕಾದಿದ್ದ. ವೇಣಿ ಸರ ಹಾಕಿಕೊಂಡು ನಿಂತಳು.

"ಬಳೆ ಬಿಚ್ಚಿ ಅಕ್ಕ, ವೊತ್ತಾಯ್ತು."

"ಐದು ನಿಮಿಷ ತಡಿ. ನಮ್ಮ ವಾರಗಿತ್ತಿ ಬರ್ಲಿ."

ಕ್ಯಾಬ್ ಬಂದ ಸದ್ದಾಯಿತು. ದಿವ್ಯಾ ಒಳಗೆ ಬಂದಳು. ವೇಣಿ ಸೆರಗು ಸರಿಸಿ ನಿಂತು, ಏನೂ ಆಗದವಳಂತೆ, "ಊಟಕ್ಕೆ ಬಡಿಸ್ಲಾ?" ಎಂದಳು.

ದಿವ್ಯಾ ಸರ ನೋಡಿದಳು. ಬಾಗಿಲಲ್ಲಿ ಕೂತ ಹೆಂಗಸನ್ನು ನೋಡಿದಳು. "ಇದು ಎಲ್ಲಿದು ಅಕ್ಕ?"

"ತಗೋತಾ ಇದ್ದೀನಿ. ನೂರು ಗ್ರಾಂ ಐತಂತೆ."

ದಿವ್ಯಾ ಹತ್ತಿರ ಬಂದು ಸರವನ್ನು ಅಂಗೈಯಲ್ಲಿ ಎತ್ತಿದಳು. "ನೂರು ಗ್ರಾಂ ಚಿನ್ನ ಇಷ್ಟು ದಪ್ಪ ಬರಲ್ಲ ಅಕ್ಕ. ಚಿನ್ನ ಒಸಿ ಇದ್ರೂ ಭಾರ ಇರುತ್ತೆ. ಇದು ಜಾಸ್ತಿ ದಪ್ಪ ಆಯ್ತು."

ವೇಣಿಗೆ ಎರಡು ವರ್ಷದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು.

"ಯಾಕೆ, ಹೊಟ್ಟೆ ಉರೀತಾ? ನೀನೊಬ್ಳೇ ಹಾಕ್ಕೋಬೇಕಾ ಸರ? ಎಣ್ಣೆ ವಿಷ್ಯದಲ್ಲಿ ಬೀದೀಲಿ ಮಾನ ಕಳೆದಿದ್ದು ಸಾಲ್ದಾ?"

ದಿವ್ಯಾಳ ಮುಖ ಕೆಂಪಾಯಿತು. ಸರ ಕೈಬಿಟ್ಟು ಮೆಟ್ಟಿಲು ಹತ್ತಿದಳು. ವೇಣಿಗೆ ಗೆದ್ದ ಹಾಗೆ ಅನಿಸಿತು. ಬಳೆಗೆ ಕೈ ಹಾಕಿದಳು. ಆದರೆ ಎರಡು ಮೆಟ್ಟಿಲು ಹತ್ತಿದ ದಿವ್ಯಾ ಅಲ್ಲೇ ನಿಂತು ತಿರುಗಿದಳು.

"ಉರಿ ಅಂತಾನೇ ಅಂದ್ಕೊಳ್ಳಿ ಅಕ್ಕ. ನಂಗೆ ಐದು ನಿಮಿಷ ಕೊಡಿ. ಇದು ಚಿನ್ನ ಅಂತಾದ್ರೆ ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳ್ತೀನಿ."

ಆ ಮಾತಿಗೆ ವೇಣಿ ಸೋತಳು. ಕ್ಷಮೆ ಕೇಳುವ ದಿವ್ಯಾಳನ್ನು ನೋಡುವ ಆಸೆ ಅಷ್ಟಿತ್ತು.

ದಿವ್ಯಾ ಅಡುಗೆಮನೆಯಿಂದ ಚಿಕ್ಕ ಡಿಜಿಟಲ್ ತಕ್ಕಡಿ ತಂದಳು. ಸರ ಇಟ್ಟಳು. ನೂರ ಎರಡು ಗ್ರಾಂ.

"ನೋಡಿದ್ರಾ? ತೂಕ ಸರಿಯಾಗೇ ಐತೆ" ಎಂದಳು ಆ ಹೆಂಗಸು.

"ತೂಕ ಸರಿ. ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡೋಣ."

ಒಂದು ಲೋಟದಲ್ಲಿ ಮುಕ್ಕಾಲು ನೀರು ಹಾಕಿ ತಕ್ಕಡಿಯ ಮೇಲಿಟ್ಟಳು. ಗುಂಡಿ ಒತ್ತಿ ಲೆಕ್ಕವನ್ನು ಸೊನ್ನೆಗೆ ತಂದಳು. ಸರವನ್ನು ಉಂಡೆ ಮಾಡಿ, ದಾರ ಕಟ್ಟಿ, ದಾರದ ತುದಿಯನ್ನು ವೇಣಿಯ ಕೈಗೇ ಕೊಟ್ಟಳು.

"ನೀವೇ ಇಳಿಸಿ ಅಕ್ಕ. ಪೂರ್ತಿ ಮುಳುಗ್ಬೇಕು. ಆದ್ರೆ ತಳಕ್ಕೂ ತಾಗ್ಬಾರ್ದು, ಪಕ್ಕಕ್ಕೂ ತಾಗ್ಬಾರ್ದು."

ವೇಣಿ ಇಳಿಸಿದಳು. ತಕ್ಕಡಿ ಹನ್ನೆರಡು ತೋರಿಸಿತು.

"ನೂರ ಎರಡು ಅಲ್ವಾ ತೋರಿಸ್ಬೇಕು?"

"ಇಲ್ಲ. ಸರದ ಭಾರ ನಿಮ್ಮ ಕೈ ಹಿಡ್ಕೊಂಡಿದೆ. ಸರ ನೀರಲ್ಲಿ ಎಷ್ಟು ಜಾಗ ಹಿಡೀತೋ, ಅಷ್ಟು ಜಾಗದ ನೀರಿನ ತೂಕಾನ ಮಾತ್ರ ತಕ್ಕಡಿ ತೋರಿಸ್ತಾ ಇದೆ. ಹನ್ನೆರಡು ಗ್ರಾಂ ನೀರು ಅಂದ್ರೆ ಹನ್ನೆರಡು ಎಂ.ಎಲ್. ಈಗ ನೂರ ಎರಡನ್ನ ಹನ್ನೆರಡರಿಂದ ಭಾಗಿಸಿ."

ಬಾಡಿಗೆದಾರರ ಕರೆಂಟು ಬಿಲ್ಲನ್ನು ಬಾಯಲ್ಲೇ ಭಾಗ ಮಾಡುವ ವೇಣಿಗೆ ಇದೇನು ಕಷ್ಟ? "ಎಂಟೂವರೆ" ಎಂದಳು.

"ಇನ್ನು ನಿಮ್ಮ ಬಳೆ."

ಎರಡು ಬಳೆ ಸೇರಿ ಮೂವತ್ತಾರು ಗ್ರಾಂ. ದಾರದಲ್ಲಿ ಕಟ್ಟಿ ನೀರಿಗೆ ಇಳಿಸಿದಾಗ ತಕ್ಕಡಿಯಲ್ಲಿ ಬಂದದ್ದು ಬರೀ ಎರಡು.

"ಹದಿನೆಂಟು" ಎಂದಳು ವೇಣಿ, ಯಾರೂ ಕೇಳುವ ಮೊದಲೇ. ಅವಳ ದನಿ ಸಣ್ಣಗಾಗಿತ್ತು.

"ಇದಕ್ಕೆ ಸಾಂದ್ರತೆ ಅಂತಾರೆ ಅಕ್ಕ. ತೂಕವನ್ನ ಜಾಗದಿಂದ ಭಾಗಿಸಿದ್ರೆ ಬರೋ ಲೆಕ್ಕ. ನೀರಿಗೆ ಒಂದು. ಕಬ್ಬಿಣಕ್ಕೆ ಎಂಟರ ಹತ್ತಿರ. ಹಿತ್ತಾಳೆಗೆ ಎಂಟೂವರೆ. ಬೆಳ್ಳಿಗೆ ಹತ್ತೂವರೆ. ಒಡವೆ ಚಿನ್ನ ಆದ್ರೆ ಹದಿನೇಳು, ಹದಿನೆಂಟು ಬರ್ಬೇಕು. ನಿಮ್ಮ ಅಮ್ಮ ಕೊಟ್ಟಿದ್ದು ಬಂತು. ಇದು ಬರ್ಲಿಲ್ಲ."

"ಮತ್ತೆ ಇವಳು ಸರದಿಂದ ಬಿಡಿಸಿ ಕೊಟ್ಟ ಗುಂಡು? ನೀಲಪ್ಪ ಒರೆ ಹಚ್ಚಿ ಒಳ್ಳೇ ಚಿನ್ನ ಅಂದ್ನಲ್ಲ?"

"ಆ ಒಂದು ಗುಂಡು ಚಿನ್ನಾನೇ ಇರ್ಬೇಕು. ನಿಮ್ಮನ್ನ ನಂಬಿಸೋಕೆ ಪೋಣಿಸಿರ್ತಾರೆ."

ಆ ಹೆಂಗಸು ಎದ್ದು ನಿಂತಳು. "ನಮ್ ಸಾಮಾನು ನಮ್ಗೆ ಕೊಡಿ, ವೋಯ್ತೀವಿ." ಹೊರಗೆ ಬೈಕ್ ಶುರುವಾಯಿತು. ಗಲಾಟೆಗೆ ಎಚ್ಚರವಾಗಿ ಎದ್ದು ಬಂದ ಭದ್ರಮ್ಮ ಬಾಗಿಲಿಗೆ ಅಡ್ಡವಾಗಿ, "ಯಾರವ್ವಾ ನೀನು?" ಎಂದರು. ಆ ಹೆಂಗಸು ಸರದ ಆಸೆಯನ್ನೇ ಬಿಟ್ಟು, ಮುದುಕಿಯನ್ನು ತಳ್ಳಿಕೊಂಡು ಓಡಿ ಬೈಕ್ ಹತ್ತಿದಳು. ದಿವ್ಯಾ ಬೈಕಿನ ನಂಬರ್ ಹೇಳುತ್ತಾ ಹೋದಳು, ವೇಣಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಆಮೇಲೆ ೧೧೨ಕ್ಕೆ ಫೋನ್ ಮಾಡಿದರು.

ಪೊಲೀಸರು ಬಂದು ಸರ, ಆ ಒಂಟಿ ಗುಂಡು ಎರಡನ್ನೂ ತೆಗೆದುಕೊಂಡು ಹೋದರು. ಆ ಜೋಡಿ ಇನ್ನೂ ಸಿಕ್ಕಿಲ್ಲ.

ಸಂಜೆ ವೇಣಿ ಕಾಫಿ ಮಾಡಿ ದಿವ್ಯಾಳ ಕೋಣೆಗೆ ತಾನೇ ಒಯ್ದಳು.

"ನಿಂಗೆ ತೋರಿಸ್ಬೇಕು ಅಂತಾನೇ ನಿಲ್ಸಿಕೊಂಡಿದ್ದೆ ಕಣೇ. ಇಲ್ದಿದ್ರೆ ನೀನು ಬರೋ ಹೊತ್ತಿಗೆ ಬಳೆ ಕೊಟ್ಟು ಕಳಿಸಿರ್ತಿದ್ದೆ."

ದಿವ್ಯಾ ಲೋಟ ತೆಗೆದುಕೊಂಡು, ಮಂಚದ ಮೇಲೆ ವೇಣಿಗೂ ಜಾಗ ಬಿಟ್ಟಳು. "ಅಂಗಡಿ ಹತ್ರ ನಾನು ಹಂಗೆ ಎಲ್ಲರ ಮುಂದೆ ಹೇಳ್ಬಾರ್ದಿತ್ತು ಅಕ್ಕ. ಮನೇಗೆ ಬಂದು ಹೇಳ್ಬಹುದಿತ್ತು."

"ಹೇಳ್ಬಾರ್ದಿತ್ತು" ಎಂದಳು ವೇಣಿ. ಮರುಕ್ಷಣ ಇಬ್ಬರಿಗೂ ನಗು ಬಂತು.

ಮುಂದಿನ ಭಾನುವಾರ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ವಿಷಯ ಹೇಳಲು ದಿವ್ಯಾಳನ್ನು ಕರೆದರು. ಅವಳು, "ನಮ್ಮಕ್ಕ ಹೇಳ್ತಾರೆ" ಎಂದು ಹಿಂದೆ ಕೂತಳು. ವೇಣಿ ತಕ್ಕಡಿ, ಲೋಟ, ದಾರ ಇಟ್ಟುಕೊಂಡು ಎದ್ದು ನಿಂತಳು. ಒಂದು ಹಿತ್ತಾಳೆ ಗಂಟೆ, ಒಂದು ಬೀಗ, ಯಾರದೋ ಬೆಳ್ಳಿ ಕಾಲ್ಗೆಜ್ಜೆ, ಎಲ್ಲವನ್ನೂ ನೀರಿಗಿಳಿಸಿ ಲೆಕ್ಕ ತೋರಿಸಿದಳು. ಒಂದೇ ಅಳತೆಯ ಲೋಟದಲ್ಲಿ ನೀರು, ಜೇನು, ಹಾಲು, ಎಣ್ಣೆ ತುಂಬಿ ತೂಗಿದಳು. ಜೇನು ನೀರಿಗಿಂತ ಎಷ್ಟೋ ಭಾರ, ಹಾಲು ಒಂಚೂರು ಭಾರ, ಎಣ್ಣೆ ಹಗುರ ಎಂದು ಹೆಂಗಸರೆಲ್ಲ ಕಣ್ಣಾರೆ ಕಂಡರು.

ಕೊನೆಗೆ ಒಬ್ಬಳು ಕೇಳಿದಳು: "ಇಷ್ಟು ಚುರುಕಾಗಿದ್ದೀಯ, ಅವತ್ತು ಹೆಂಗೆ ನಂಬಿದ್ಯೇ ವೇಣಿ?"

ವೇಣಿ ಒಮ್ಮೆ ದಿವ್ಯಾಳ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇವಳ ಮೇಲಿನ ಹೊಟ್ಟೆಕಿಚ್ಚಿಗೆ ನಂಬ್ದೆ. ನಂಗೆ ಚಿನ್ನ ಬೇಕಾಗಿರ್ಲಿಲ್ಲ. ಇವಳ ಮುಖ ಸಣ್ಣದಾಗೋದು ಬೇಕಾಗಿತ್ತು."

ಒಬ್ಬಿಬ್ಬರು ತಲೆ ತಗ್ಗಿಸಿ ತಮ್ಮ ತಮ್ಮ ವಾರಗಿತ್ತಿಯರ ಕಡೆ ಓರೆಗಣ್ಣಲ್ಲಿ ನೋಡಿಕೊಂಡರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ವೇಣಿಯ ಬಳೆ ಉಳಿಯಿತು. ನಿಮ್ಮದೂ ಉಳಿಯಲಿ. ನೆಲ ಅಗೆಯುವಾಗ ಸಿಕ್ಕಿತೆಂದು ಯಾರಾದರೂ ಚಿನ್ನ ತಂದರೆ ಕೊಳ್ಳಬೇಡಿ, ಬದಲಿಗೂ ತೆಗೆದುಕೊಳ್ಳಬೇಡಿ, ೧೧೨ಕ್ಕೆ ತಿಳಿಸಿ. ಅವರೇ ಕೊಟ್ಟ ಒಂದು ಗುಂಡನ್ನು ಪರೀಕ್ಷೆ ಮಾಡಿಸಿ ಇಡೀ ಸರವನ್ನು ನಂಬಬೇಡಿ. ಗ್ರಾಂ ಲೆಕ್ಕದ ತೂಕವನ್ನು ಎಂ.ಎಲ್. ಲೆಕ್ಕದ ಜಾಗದಿಂದ ಭಾಗಿಸಿ ನೋಡುವುದನ್ನು ಮನೆಯಲ್ಲಿ ಎಲ್ಲರೂ ಕಲಿಯಿರಿ. ಮೂಗುತಿ, ಓಲೆಯಂಥ ಸಣ್ಣ ಒಡವೆಗೆ ಮಾತ್ರ ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿ ಬೇಕು. ಲೆಕ್ಕ ಹದಿನೇಳು, ಹದಿನೆಂಟಕ್ಕೆ ಹೊಂದದಿದ್ದರೆ ಅದು ಗಟ್ಟಿ ಒಡವೆ ಚಿನ್ನವಲ್ಲ. ಹೊಂದಿದರೂ ಅಷ್ಟಕ್ಕೇ ನಂಬದೆ ಹಾಲ್‌ಮಾರ್ಕ್ ಮುದ್ರೆ ನೋಡಿ, ಬಿಲ್ ಕೇಳಿ, ಆಮೇಲೆ ಕೊಳ್ಳಿ.

ಮತ್ತೊಂದು ಮಾತು. ಪಕ್ಕದವರ ಕೊರಳು ನೋಡಿ ಹೊಟ್ಟೆಯಲ್ಲಿ ಚುರ್ ಅನ್ನುವುದು ಯಾರಿಗೂ ತಪ್ಪಿದ್ದಲ್ಲ. ಹಾಗೆ ಅನಿಸಿದ ದಿನ ಮಾತ್ರ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಮನೆಯವರಿಗೆ ಒಂದು ಮಾತು ಹೇಳಿ, ಒಂದು ರಾತ್ರಿ ಕಳೆಯಲಿ.