ಕೈ ಎತ್ತುವಷ್ಟು ಜಾಗ

ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅವಳು ನರ್ಸಮ್ಮನ ಹಿಂದೆ ಮಂಡಿಯೂರಿ ಕೂತಿದ್ದಳು. ಬಿಳಿ ಕೋಟಿನ ಅಂಚು ಒಂದು ಕಡೆ ಇಳಿದಿತ್ತು. ಮಡಿಸಿ, ಸೂಜಿ ಚುಚ್ಚಿ, ಹಿಂದೆ ಸರಿದು ನೋಡಿ, ಸಮಾಧಾನವಾಗದೆ ಮತ್ತೆ ಬಿಚ್ಚಿದಳು.

"ಅಂಚು ಹಾಳಾಗಲಿ ಕಣೇ, ತೋಳು ನೋಡು," ಎಂದಳು ನರ್ಸಮ್ಮ. "ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯುತ್ತೆ."

ಅವಳು ಎದ್ದು ಮುಂದೆ ಬಂದು ಹುಬ್ಬೇರಿಸಿದಳು. ಹೆರಿಗೆ ಆಸ್ಪತ್ರೆಯಲ್ಲಿ ಬಗ್ಗುವ ಕೆಲಸವೇ ಎಲ್ಲ, ಕೈ ಎತ್ತುವುದೇನಿದೆ ಎಂದು ಆ ಹುಬ್ಬು ಕೇಳಿತು.

"ಆಸ್ಪತ್ರೆಗಲ್ಲ. ನಾಳೆ ನಿನ್ನ ಗಂಡನ ಸಭೆಗೆ."

ಅವಳ ಗಂಡ ಪುರಸಭೆ ಚುನಾವಣೆಗೆ ನಿಂತಿದ್ದ. ಊರನ್ನು ಹೇಗೆ ನಡೆಸಬೇಕು, ಹೇಗೆ ಬೆಳೆಸಬೇಕು ಎಂದು ನಾಳೆ ಸಂಜೆ ಶಾಲೆಯ ದೊಡ್ಡ ಹಾಲಿನಲ್ಲಿ ಮಾತಾಡುವವನಿದ್ದ. ಕೊನೆಗೆ ಯಾರು ಬೇಕಾದರೂ ಕೈ ಎತ್ತಿ ಪ್ರಶ್ನೆ ಕೇಳಬಹುದು ಎಂದು ವ್ಯಾನಿಗೆ ಮೈಕು ಕಟ್ಟಿಕೊಂಡು ಬೆಳಿಗ್ಗೆಯಿಂದ ಬೀದಿ ಬೀದಿಯಲ್ಲಿ ಸಾರುತ್ತಿದ್ದರು.

"ಆಸ್ಪತ್ರೆ ಎತ್ತಿ ಊರಾಚೆ ಇಡ್ತಾರಂತೆ, ಈ ಜಾಗದಲ್ಲಿ ಮಾರ್ಕೆಟ್ ಕಟ್ಟಡವಂತೆ. ಬರಲಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ನೋವು ಬಂದ ಹೆಂಗಸು ಅಲ್ಲೀತನಕ ಹೇಗೆ ಹೋಗಬೇಕು? ಅಷ್ಟು ಕೇಳಿ ಕೂತ್ಕೋತೀನಿ." ನರ್ಸಮ್ಮ ನಕ್ಕಳು. "ಕೇಳೋವಾಗ ತೋಳು ಹರಿದ್ರೆ ಮಾನ ಹೋಗೋದು ಟೈಲರಮ್ಮಂದೇ."

ಬಾಯಲ್ಲಿ ಸೂಜಿ ಇದ್ದವಳ ಮುಂದೆ ಜನ ಮಾತಾಡುತ್ತಾರೆ. ಹೊಲಿಗೆ ಕಲಿತ ಹೊಸದರಲ್ಲೇ ಅವಳು ಇದನ್ನು ಕಂಡುಕೊಂಡಿದ್ದಳು. ಅಂಥವಳು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅರ್ಧ ಹೊಲಿದ ಬಟ್ಟೆ ತೊಟ್ಟು ಅಲುಗಾಡದೆ ನಿಂತವಳಿಗೆ ಬೇರೆ ಕೆಲಸವೂ ಇರುವುದಿಲ್ಲ. ಗಂಡನ ಕುಡಿತ, ಸೊಸೆಯ ಸೊಕ್ಕು, ಬಾರದ ನಿದ್ದೆ, ಎಲ್ಲವೂ ಈ ಕೋಣೆಯಲ್ಲಿ ಚಿಂದಿಯ ಜೊತೆ ಉದುರುತ್ತಿದ್ದವು.

ಈಚೆಗೆ ಉದುರುತ್ತಿರಲಿಲ್ಲ. ಹೆಂಗಸರು ಬರುತ್ತಿದ್ದರು, ನಿಲ್ಲುತ್ತಿದ್ದರು, ಅಳತೆ ಕೊಟ್ಟು ಹೋಗುತ್ತಿದ್ದರು. "ಸೊಂಟ ಸ್ವಲ್ಪ ಸಡಿಲ ಇರಲಿ" ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲ. ಇಬ್ಬರು ಮಾತಾಡುತ್ತ ಮೆಟ್ಟಿಲು ಹತ್ತಿದರೆ ಹೊಸಿಲಲ್ಲೇ ಮಾತು ನಿಲ್ಲುತ್ತಿತ್ತು. ಬಿಸಿಲಿರಬೇಕು, ಚುನಾವಣೆಯ ಗಲಾಟೆ ಇರಬೇಕು ಎಂದುಕೊಂಡಿದ್ದಳು.

ನರ್ಸಮ್ಮ ಕಿಟಕಿಯ ಕಡೆ ನೋಡಿದಳು. ಗಾಜಿನ ಹೊರಗೆ ಅವಳ ಗಂಡನ ಪೋಸ್ಟರು ಅಂಟಿಸಿದ್ದರು. ಒಳಗಿನಿಂದ ಕಾಣುವುದು ಅದರ ಬೆನ್ನು ಮಾತ್ರ; ಬಿಸಿಲು ಬಿದ್ದಾಗ ಕಾಗದದೊಳಗಿಂದ ಒಂದು ನಗು ಹಿಂದುಮುಂದಾಗಿ ಮೂಡುತ್ತಿತ್ತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದಳು ನರ್ಸಮ್ಮ, ದನಿ ತಗ್ಗಿಸಿ. "ಮಾತು ಈ ಕೋಣೆಯಿಂದ ಆಚೆ ಹೋಗ್ತಿದೆ ಅಂತಾರೆ. ಹಣ್ಣಿನಂಗಡಿಯವಳು ತನ್ನ ಅಂಗಡಿಗೆ ನಿನ್ನ ಗಂಡನ ಪೋಸ್ಟರ್ ಹಚ್ಚಬೇಡಿ ಅಂದಿದ್ಲು. ಅವಳ ಕಟ್ಟೆ ಫುಟ್‌ಪಾತಿಗೆ ಬಂದಿದೆ ಅಂತ ಯಾರೂ ಅಳೆದು ನೋಡಿರಲಿಲ್ಲ, ನಿನ್ ಹತ್ರ ನಕ್ಕೊಂಡು ಹೇಳಿದ್ಲಂತೆ. ಪುರಸಭೆಯವರು ಬಂದು ಒಡೆದು ಹಾಕಿದ್ರು. ಟೀಚರಮ್ಮ ಎದುರು ಪಾರ್ಟಿಗೆ ಭಾಷಣ ಬರೆದುಕೊಟ್ಲು. ಅವಳು ಮನೆಯಲ್ಲಿ ದುಡ್ಡಿಗೆ ಪಾಠ ಹೇಳೋ ವಿಷಯ ಮೇಲಿನವರಿಗೆ ಹೋಯ್ತು. ನಾನು ನಂಬಲ್ಲ ಕಣೇ. ಟೈಲರಮ್ಮನ ಬಾಯಲ್ಲಿ ಸೂಜಿ ಬಿಟ್ರೆ ಏನೂ ಇರಲ್ಲ ಅಂತ ಹೇಳಿದೀನಿ."

ಅವಳು ಸೂಜಿಗಳನ್ನು ತೆಗೆಯಲಿಲ್ಲ. ತೆಗೆದರೆ ಏನಾದರೂ ಹೇಳಬೇಕಾಗುತ್ತಿತ್ತು. ತಲೆ ತಗ್ಗಿಸಿ, ಕೋಟಿನ ಕಂಕುಳ ಹತ್ತಿರ ಸೀಮೆಸುಣ್ಣದಿಂದ ಗೆರೆ ಎಳೆದಳು. ಗೆರೆ ಡೊಂಕಾಯಿತು.

"ಇನ್ನೊಂದು ಸಹಾಯ ಬೇಕಿತ್ತು," ನರ್ಸಮ್ಮ ಕೋಟು ಕಳಚುತ್ತ ಹೇಳಿದಳು. "ಹಳೇ ಬಟ್ಟೆ ಏನಾದ್ರೂ ಇದ್ರೆ ಕೊಡು. ಆಸ್ಪತ್ರೆ ಹಿಂದಿನ ಕೋಣೆಯಲ್ಲಿ ಒಬ್ಬಳನ್ನ ಇಟ್ಕೊಂಡಿದೀನಿ. ಉಟ್ಟ ಬಟ್ಟೇಲಿ ಬಂದ್ಲು, ಅದೂ ಹರಿದಿತ್ತು. ರೂಲ್ಸ್ ಪ್ರಕಾರ ಇಟ್ಕೊಳ್ಳೋ ಹಾಗಿಲ್ಲ, ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಯಾರು ಅಂತ ಕೇಳಬೇಡ. ತೆಳ್ಳಗಿದಾಳೆ, ನಿನ್ನಷ್ಟೇ ಎತ್ತರ. ಎಡಗಡೆ ಭುಜ ಚೂರು ಇಳಿದಿದೆ."

ಕೇಳುವ ಅಗತ್ಯ ಇರಲಿಲ್ಲ. ಆ ಇಳಿದ ಭುಜಕ್ಕೆ ಒಳಗಡೆ ಬಟ್ಟೆ ಮಡಿಸಿ ಸಮ ಮಾಡಿ ಹೊಲಿಯುತ್ತಿದ್ದವಳು ಅವಳೇ. ಅದು ಟೋಪಿಯ ಹೆಂಡತಿ. ತನ್ನ ಗಂಡನ ಬಲಗೈಯಾಗಿದ್ದವನನ್ನು ಊರೆಲ್ಲ ಟೋಪಿ ಎಂದೇ ಕರೆಯುತ್ತಿತ್ತು. ಮಲಗುವಾಗಲೂ ತೆಗೆಯುವುದಿಲ್ಲ ಎಂದು ತಮಾಷೆ. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಅವನು ಎಲ್ಲರಿಗೂ, ಕೇಳದವರಿಗೂ, ಹೇಳುತ್ತ ತಿರುಗುತ್ತಿದ್ದ.

ಅವಳು ಗಿರಾಕಿಗಳು ಬಿಟ್ಟುಹೋದ ಬಟ್ಟೆಗಳ ಪೆಟ್ಟಿಗೆ ತೆರೆದು ಬೂದಿ ಬಣ್ಣದ ಒಂದು ಅಂಗಿ ಆರಿಸಿ ಸುತ್ತಿಕೊಟ್ಟಳು. ನರ್ಸಮ್ಮ ಅದನ್ನು ಚೀಲದ ತಳಕ್ಕೆ ತುರುಕಿ, ಅವಳ ಕೆನ್ನೆ ತಟ್ಟಿ, ಪ್ರಚಾರಕ್ಕೆಂದು ವರಾಂಡದಲ್ಲಿ ಕೂತ ಗಂಡನ ಕಡೆಯ ಹುಡುಗರನ್ನು ದಾಟಿಕೊಂಡು ಹೋದಳು.

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

ಹಣ್ಣಿನಂಗಡಿಯವಳ ವಿಷಯವನ್ನು ಅವಳು ಹೇಳಿದ್ದು ಊಟ ಬಡಿಸುತ್ತ. ಟೀಚರಮ್ಮನದನ್ನೂ ಹಾಗೆಯೇ. ಮದುವೆಯಾದಾಗಿನಿಂದ ಗಂಡ ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದನೇ ಹೊರತು ಬಡಿಸಿದವಳನ್ನಲ್ಲ. ಈ ವರ್ಷ ಒಂದು ದಿನ ತಲೆಯೆತ್ತಿ, "ಇವತ್ತು ಯಾರ್ಯಾರು ಬಂದಿದ್ರು? ಏನಂತಾರೆ ನಿನ್ನ ಹೆಂಗಸರು?" ಎಂದು ಕೇಳಿದ್ದ. ಕೇಳಿ ಕಾದಿದ್ದ. ಅವಳು ಹೇಳಿದ್ದಕ್ಕೆ ನಕ್ಕಿದ್ದ, ಆಮೇಲೇನಾಯಿತು ಎಂದಿದ್ದ. ಮರುದಿನವೂ ಕೇಳಿದ್ದ. ಮಧ್ಯಾಹ್ನವಾಗುವುದನ್ನೇ ಅವಳು ಕಾಯತೊಡಗಿದ್ದಳು. ಬೆಳಗಿನಿಂದ ಕೇಳಿದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಎಲ್ಲಿ ತಡೆದು ಹೇಳಿದರೆ ನಗು ಬರುತ್ತದೆ ಎಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಳ್ಳುತ್ತಿದ್ದಳು.

ಅತ್ತೆ ಆಗಲೇ ಒಂದು ಮಾತು ಆಡಿದ್ದರು. "ಅವರಪ್ಪನೂ ಹೀಗೇ. ಕಿವಿ ಕೊಟ್ಟ ಅಂದ್ರೆ ಏನೋ ತಗೊಂಡು ಹೋಗೋಕೆ ಬಂದಿದಾನೆ ಅಂತ ಅರ್ಥ." ಮಗ ಹೆಂಡತಿಯ ಮಾತು ಕೇಳುತ್ತಾನಲ್ಲ, ಮುದುಕಿಗೆ ಹೊಟ್ಟೆಯುರಿ ಎಂದು ಇವಳು ನಕ್ಕುಬಿಟ್ಟಿದ್ದಳು.

ಮಧ್ಯಾಹ್ನ ಗಂಡ ಬಂದ. ಹಿಂದೆಯೇ ಟೋಪಿ. ಗಂಡ ಕೈ ತೊಳೆದು ಮೇಜಿನ ಮುಂದೆ ಕೂತ. ಟೋಪಿ ಊಟ ಆಯಿತೆಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಅತ್ತೆ ಮೂಲೆಯಲ್ಲಿ ತಮ್ಮ ತಟ್ಟೆ ಹಿಡಿದಿದ್ದರು.

"ನಾಳೆ ಏನು ಹೇಳ್ತೀನಿ ಗೊತ್ತಾ?" ಗಂಡ ಹುರುಪಿನಲ್ಲಿದ್ದ. "ಊರು ಅಂದ್ರೆ ಒಂದು ಮನೆ. ಮನೇಲಿ ಹತ್ತು ಜನ ಹತ್ತು ಕಡೆ ಎಳೆದ್ರೆ ಒಲೆ ಹತ್ತಲ್ಲ. ಪುರಸಭೇಲಿ ಇಷ್ಟು ವರ್ಷ ಆಗಿರೋದೇ ಅದು. ಒಂದು ಚರಂಡಿಗೆ ಮೂರು ಕಮಿಟಿ. ನಾನು ಬಂದ್ರೆ ರಸ್ತೆ ಅಗಲ ಆಗುತ್ತೆ, ಮಾರ್ಕೆಟ್ ಮೇಲೇಳುತ್ತೆ, ಎಲ್ಲ ಕಂಬದಲ್ಲೂ ದೀಪ ಉರಿಯುತ್ತೆ. ಆದ್ರೆ ಯಾವ ಮನೇಲಿ ಏನು ನಡೀತಿದೆ ಅಂತ ಆಳೋನಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಆಳೋದು ಕಣ್ಣು ಕಟ್ಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ." ಅವಳ ಕಡೆ ತಿರುಗಿ ನಕ್ಕ. "ನಿನ್ನ ಕಸುಬಿನ ಮಾತು. ಚೆನ್ನಾಗಿದೆಯಾ?"

"ಚೆನ್ನಾಗಿದೆ," ಎಂದಳು ಅವಳು.

"ಇನ್ನೊಂದಿದೆ. ಕತ್ತರಿ ಹಾಕದೆ ಬಟ್ಟೆ ಹೊಲಿಯೋಕಾಗುತ್ತಾ? ಬೆಳವಣಿಗೆ ಅಂದ್ರೂ ಅಷ್ಟೇ. ಅಡ್ಡ ಬಂದದ್ದನ್ನ ಕತ್ತರಿಸಬೇಕು. ಯಾರ ಮೇಲೂ ನನಗೆ ಸಿಟ್ಟಿಲ್ಲ. ಬಟ್ಟೆ ಮೇಲೆ ನಿನಗೆ ಸಿಟ್ಟಿರುತ್ತಾ?"

"ಕತ್ತರಿಸೋ ಮೊದ್ಲು ಅಳತೆ ತಗೋತಾಳೆ ಅವಳು," ಎಂದರು ಅತ್ತೆ ಮೂಲೆಯಿಂದ.

"ಅಳತೆ ತಗೊಳ್ಳೋಕೇ ಅಲ್ವಾ ಅಮ್ಮ, ಇವಳಿರೋದು." ಅವನು ಜೋರಾಗಿ ನಕ್ಕ. ಟೋಪಿ ನಗಲಿಲ್ಲ. ಉಗುರಿನಿಂದ ಸ್ಟೂಲಿನ ಅಂಚಿನ ಬಣ್ಣ ಕೆರೆಯುತ್ತಿದ್ದ.

ಗಂಡ ನೀರು ಕುಡಿದು ಲೋಟ ಕೆಳಗಿಟ್ಟ. ತಲೆಯೆತ್ತಿ ಅವಳನ್ನು ನೋಡಿದ. ಅವಳು ಇಷ್ಟು ದಿನ ಕಾದಿದ್ದ ಅದೇ ನೋಟ. "ಬೆಳಿಗ್ಗೆ ನರ್ಸಮ್ಮ ಬಂದಿದ್ಳಂತೆ. ತುಂಬ ಹೊತ್ತು ಇದ್ಳಂತೆ."

"ಹೌದು."

"ಏನಂದ್ಳು?"

ಟೋಪಿಯ ಉಗುರು ನಿಂತಿತು.

ಹೇಳುವುದಕ್ಕೆ ಎಷ್ಟೊಂದು ಇತ್ತು. ಒಂದು ಮಾತು ಸಾಕಿತ್ತು, ಸಂಜೆಯೊಳಗೆ ಆ ಹಿಂದಿನ ಕೋಣೆಯ ಬಾಗಿಲು ತೆರೆಯುತ್ತಿತ್ತು, ನಾಳೆ ಸಭೆಯಲ್ಲಿ ಒಂದು ಕೈ ಕಡಿಮೆಯಾಗುತ್ತಿತ್ತು. ಅವಳ ಬಾಯಲ್ಲಿ ಈಗ ಸೂಜಿಗಳಿರಲಿಲ್ಲ. ಆದರೂ ನಾಲಿಗೆಗೆ ಕಬ್ಬಿಣದ ರುಚಿ ಹತ್ತಿತು.

"ತೋಳು ಬಿಗಿ ಅಂದ್ಳು."

"ಅಷ್ಟೇನಾ?"

"ಅಂಚೂ ಇಳಿದಿತ್ತು. ಎರಡು ಸಲ ಬಿಚ್ಚಿ ಮಾಡಿದೆ. ಅದಕ್ಕೇ ಹೊತ್ತಾಯ್ತು."

ಅವನು ನೋಡುತ್ತಲೇ ಇದ್ದ. ಆಮೇಲೆ ಮುಖ ಸಡಿಲಾಯಿತು. "ದಣಿದಿದೀಯ ನೀನು," ಎಂದ ಪ್ರೀತಿಯಿಂದ. "ನಾಳೆ ಬೇಗ ಬಂದು ಮುಂದಿನ ಸಾಲಿನ ತುದೀಲಿ ಕೂತ್ಕೋ. ಅಲ್ಲಿಂದ ಇಡೀ ಹಾಲ್ ಕಾಣುತ್ತೆ. ಊರಿನ ಹೆಂಗಸರೆಲ್ಲ ನಿನಗೆ ಗೊತ್ತು. ಯಾರ್ಯಾರು ಕೈ ಎತ್ತುತ್ತಾರೆ, ಅಷ್ಟು ನೋಡ್ಕೋ ಸಾಕು. ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಕೈ ಎತ್ತಿದವರ ಮನೆಗೆ ಆಮೇಲೆ ನಮ್ಮವರು ಹೋಗಿ ಮಾತಾಡ್ತಾರೆ."

"ಆಗಲಿ," ಎಂದಳು.

ಅವನು ಕೈ ತೊಳೆಯಲು ಹಿತ್ತಲಿಗೆ ಹೋದ. ಟೋಪಿ ಎದ್ದು, ಅವಳ ಹೊಲಿಗೆ ಕೋಣೆಯ ಹೊಸಿಲ ಮೇಲೆ ನಿಂತು ಒಳಗೆಲ್ಲ ಕಣ್ಣಾಡಿಸಿದ. ಬಟ್ಟೆಯ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು.

"ಅತ್ತಿಗೆ, ನನ್ನ ಹೆಂಡ್ತಿ ಬಟ್ಟೆ ಏನಾದ್ರೂ ನಿಮ್ಮ ಹತ್ರ ಉಳಿದಿದೆಯಾ?"

"ಇಲ್ಲ. ತವರಿಂದ ಬಂದ ಮೇಲೆ ಕಳಿಸಿ, ಹೊಸ ಅಳತೆ ತಗೋತೀನಿ."

"ಬರ್ತಾಳೆ. ಎಲ್ಲಿಗೆ ಹೋಗ್ತಾಳೆ, ಬಂದೇ ಬರ್ತಾಳೆ," ಎಂದ ಅವನು. ಬಿಸಿಲಿಗೆ ಇಳಿಯುವ ಮೊದಲು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ. ಗಂಡನೂ ಹಿಂದೆ ಹೋದ. ವ್ಯಾನಿನ ಮೈಕು ಬೀದಿಯ ತಿರುವಿನಲ್ಲಿ ಎಲ್ಲರೂ ಬನ್ನಿ, ಎಲ್ಲರೂ ಕೇಳಿ ಎಂದು ಕೂಗಿ ದೂರವಾಯಿತು.

ತಟ್ಟೆ ತೆಗೆದು, ಮೇಜು ಒರೆಸಿ, ಅವಳು ಕೋಣೆಗೆ ಬಂದು ಬಿಳಿ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಕಂಕುಳ ಹೊಲಿಗೆ ಬಿಚ್ಚಿದಳು. ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಳು. ಯಾವಾಗಲೂ ಬಿಡುತ್ತಿದ್ದಳು, ದೇಹ ಇದ್ದ ಹಾಗೇ ಇರುವುದಿಲ್ಲ ಎಂದು. ಡೊಂಕು ಗೆರೆಯನ್ನು ತಿಕ್ಕಿ ಅಳಿಸಿ, ಹೊಸದು ಎಳೆದು, ಮಷಿನ್ನಿಗೆ ಕೊಟ್ಟು ಎರಡು ಸಾಲು ಗಟ್ಟಿಯಾಗಿ ಹೊಲಿದಳು. ಇಸ್ತ್ರಿ ಮಾಡಿ ಕೊಕ್ಕೆಗೆ ಹಾಕಿದಳು.

ಪಕ್ಕದ ಕೊಕ್ಕೆಯಲ್ಲಿ ಅವಳದೇ ನೀಲಿ ಜಾಕೀಟು ಇತ್ತು. ನಾಳೆ ತೊಡುವುದು ಅದನ್ನೇ ಎಂದು ಗಂಡ ಹೇಳಿದ್ದ, ಫೋಟೋದಲ್ಲಿ ಚೆನ್ನಾಗಿ ಬರುತ್ತದಂತೆ. ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಕಿಟಕಿಯ ಕಾಗದದಲ್ಲಿ ಆ ತಿರುಗುಮುರುಗಾದ ನಗು ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಬಲಗೈಯನ್ನು ನಿಧಾನವಾಗಿ ಮೇಲೆತ್ತಿದಳು. ಭುಜದ ಮಟ್ಟ ದಾಟುತ್ತಿದ್ದಂತೆ ಕಂಕುಳಲ್ಲಿ ಹಿಡಿಯಿತು. ಕೈ ಇಳಿಸಿ ಕತ್ತರಿ ಎತ್ತಿಕೊಂಡಾಗ ಅದು ಮಷಿನ್ನಿಗೆ ತಾಗಿ ಸದ್ದಾಯಿತು.

"ಏನಮ್ಮ, ಮತ್ತೆ ಕತ್ತರಿ ತಗೊಂಡೆ?" ಒಳಗಿನಿಂದ ಅತ್ತೆ ಕೇಳಿದರು. "ಯಾರದು?"

"ಒಬ್ಬರದು ಸ್ವಲ್ಪ ಬಿಗಿ ಆಗಿದೆ ಅತ್ತೆ," ಎಂದು ಅವಳು ಜಾಕೀಟು ಕಳಚಿ, ಒಳಗು ಹೊರಗು ಮಾಡಿ, ಮೊದಲ ಹೊಲಿಗೆಯ ಕೆಳಗೆ ಕತ್ತರಿಯ ತುದಿ ತೂರಿಸಿದಳು.