ಉಡದಾರದ ಚಾವಿಗಳು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಬಾಬುಮಿಯಾನ ಮಗಳು ಮಹೆವಿಶ ಸುರಕ್ಷತಾ ಅಧಿಕಾರಿ ಆಗಲು ಹೊರಟಾಗ ಓಣಿಯವರಿಗೆ ಅದು ಎಂಥ ನೌಕರಿ ಎಂದೇ ತಿಳಿಯಲಿಲ್ಲ. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವುದಕ್ಕೂ ಪಗಾರ ಕೊಡುತ್ತಾರೆಯೇ ಎಂದು ನಕ್ಕರು. ಒಂದು ವರ್ಷದ ಕೋರ್ಸು. ಕೊನೆಯ ಎರಡು ತಿಂಗಳು ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ತರಬೇತಿ. ದಿನವೂ ಬೆಳಿಗ್ಗೆ ಸುಣ್ಣಗಲ್ಲು ಸಾಗಿಸುವ ಬೆಲ್ಟಿನ ಬಳಿ ನಿಂತು, ಹನ್ನೆರಡು ಪ್ರಶ್ನೆಗಳ ಹಾಳೆಯಲ್ಲಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವುದು ಅವಳ ಕೆಲಸ.

ಏಳನೆಯ ಪ್ರಶ್ನೆ ಬೀಗದ್ದು. ಬೆಲ್ಟಿನ ದುರಸ್ತಿಗೆ ಇಳಿಯುವ ಪ್ರತಿಯೊಬ್ಬನೂ ಸ್ವಿಚ್ಚಿಗೆ ತನ್ನದೊಂದು ಬೀಗ ಜಡಿದು ಚಾವಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಐವರು ಇಳಿದರೆ ಐದು ಬೀಗ. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಬೆಲ್ಟು ಅಲುಗುವಂತಿಲ್ಲ. ಇಷ್ಟು ಸರಳ ಮಾತಿಗೆ ಒಂದು ವರ್ಷದ ಕೋರ್ಸು ಬೇಕೇ ಎಂದು ನೀವು ಕೇಳಬಹುದು. ಬೇಕು. ಯಾಕೆಂದರೆ ಅಲ್ಲಿ ಹಣಮಂತರಾಯ ಕಾಕಾ ಇದ್ದರು.

ಕಾಕಾ ಗುಂಡಗುರ್ತಿಯವರು, ಬೆಲ್ಟಿನ ಮೇಸ್ತ್ರಿ. ಇಪ್ಪತ್ತೆಂಟು ವರ್ಷದ ಸರ್ವಿಸು. ಹುಡುಗರು ಬೀಗ ಜಡಿದು ಚಾವಿಗಳನ್ನು ಅವರ ಕೈಗೆ ಕೊಡುತ್ತಿದ್ದರು. ಕಾಕಾ ಅಂಗಿ ಎತ್ತಿ ಅವನ್ನೆಲ್ಲ ತಮ್ಮ ಉಡದಾರಕ್ಕೆ ಪೋಣಿಸಿಕೊಳ್ಳುತ್ತಿದ್ದರು. ಕಿಸೆಯಿಂದ ಚಾವಿ ಬೀಳಬಹುದು, ಉಡದಾರದಿಂದ ಬೀಳುವುದಿಲ್ಲ. ಹಿರಿಯರು ಕೇಳಿದ ಮೇಲೆ ಕೊಡದಿದ್ದರೆ ಅವರನ್ನು ನಂಬದ ಹಾಗೆ. ಆದ್ದರಿಂದ ಎಲ್ಲರೂ ಕೊಟ್ಟರು.

ಮೊದಲ ದಿನ ಮಹೆವಿಶ ಕೇಳಿಯೇ ಕೇಳಿದಳು.

"ಕಾಕಾ, ಅವರವರ ಚಾವಿ ಅವರವರ ಹತ್ರನೇ ಇರಬೇಕಂತ್ರಿ."

"ಯಾಕವ್ವಾ, ನಾ ಏನ್ ಕಳ್ಳೇನು?" ಎಂದರು ಕಾಕಾ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಧ್ಯಾಹ್ನ ಕಾಕಾ ತಮ್ಮ ಬುತ್ತಿ ಬಿಚ್ಚಿ ಅವಳಿಗೊಂದು ರೊಟ್ಟಿ, ಪುಂಡಿಪಲ್ಯೆ ಕೊಟ್ಟರು. ಇಡೀ ವಿಭಾಗದಲ್ಲಿ ಅವಳನ್ನು ಕರೆದು ಕೂಡಿಸಿಕೊಂಡವರು ಅವರೊಬ್ಬರೇ. ಹಾಳೆಯಲ್ಲಿ 'ಇಲ್ಲ' ಎಂದು ಬರೆದರೆ ಅವರ ಮೇಸ್ತ್ರಿಕೆ ಹೋಗುತ್ತಿತ್ತು. ಅವಳು 'ಹೌದು' ಎಂದು ಗುರುತು ಹಾಕಿದಳು. ಮರುದಿನವೂ ಹಾಕಿದಳು. ಹೀಗೆ ನಲವತ್ತೊಂದು ದಿನ.

ನಲವತ್ತೊಂದನೆಯ ದಿನ ಕೆಲಸ ಮುಗಿಸಿ ಐವರೂ ಹೊರಗೆ ಬಂದರು. ಅವರಲ್ಲೊಬ್ಬ, ಕುರಕುಂಟಾದ ಕಾಶಪ್ಪ, ಪಾನಾ ಮರೆತೆನೆಂದು, ನಟ್ಟು ತಿರುಗಿಸುವ ಆ ಕಬ್ಬಿಣವನ್ನು ತರಲು ಮತ್ತೆ ಒಳಗೆ ನುಗ್ಗಿದ್ದು ಯಾರಿಗೂ ಕಾಣಲಿಲ್ಲ. ಕಾಕಾ ಐದೂ ಬೀಗ ತೆಗೆದು ಬೆಲ್ಟು ಚಾಲೂ ಮಾಡಿಸಿದರು. ಕಾಶಪ್ಪನ ಬಲಗೈ ಮೊಣಕೈ ತನಕ ಹೋಯಿತು.

ಆಮೇಲೆ ಮಹೆವಿಶಳಿಗೆ ಏನೂ ಅನಿಸಲಿಲ್ಲ. ಮನೆಗೆ ಹೋದಳು, ಉಂಡಳು, ಮರುದಿನದ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ತಾಯಿ ಮಾತಾಡಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು.

ನಾಲ್ಕನೆಯ ದಿನ ವಿಚಾರಣೆ. ಅವಳಿಗೆ ತರಬೇತಿ ಕೊಡುತ್ತಿದ್ದ ಸುರಕ್ಷತಾ ಅಧಿಕಾರಿ ಶರಣಬಸಪ್ಪ ಸಾಹೇಬರ ಮೇಜಿನ ಮೇಲೆ ಅವಳದೇ ಹಾಳೆಗಳಿದ್ದವು.

"ಏಳನೇದಕ್ಕ ಹೌದು ಅಂತ ಅದ. ಅಂದ್ರ ಚಾವಿ ಕಾಶಪ್ಪನ ಹತ್ರನೇ ಇತ್ತು. ತಾನೇ ಬೀಗ ತೆಗೆದು ತಾನೇ ಒಳಗ ಹೋಗ್ಯಾನ. ಅವನದೇ ತಪ್ಪು, ಕೆಲಸಕ್ಕ ವಾಪಸ್ ತಗೊಳ್ಳಾಕ ಬರಂಗಿಲ್ಲ. ನೀವೇನಂತೀರಿ, ಹಣಮಂತರಾಯ?"

ಕಾಕಾ ನೆಲ ನೋಡುತ್ತ ಹೇಳಿದರು: "ಹಾಳ್ಯಾಗ ಹ್ಯಾಂಗದ ಹಂಗ್ರಿ ಸಾಹೇಬ್ರ."

ರೊಟ್ಟಿ ಕೊಟ್ಟ ಕೈ ಅದೇ. ಮಹೆವಿಶಳಿಗೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ತಾನು ಸುಮ್ಮನಿದ್ದರೆ ಇನ್ನು ಹದಿನೈದು ದಿನಕ್ಕೆ ಸರ್ಟಿಫಿಕೇಟು, ಬಾಯಿ ಬಿಟ್ಟರೆ ಇಡೀ ವರ್ಷ ನೀರುಪಾಲು ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಸಮಯ ಎಷ್ಟೆಂದು ಕೇಳಿದವರಿಗೆ ಹೇಳುವ ದನಿಯಲ್ಲಿ ಅವಳು ಹೇಳಿದಳು:

"ಆ ಗುರುತು ಸುಳ್ಳದರಿ ಸರ್. ಚಾವಿ ಕಾಕಾರ ಹತ್ರ ಇದ್ದವು. ಎಲ್ಲಾ ದಿನನೂ."

"ಎಲ್ಲಾ ದಿನನೂ?"

"ಎಲ್ಲಾ ದಿನನೂ ರಿ."

ಸಾಹೇಬರು ಹಾಳೆಗಳನ್ನು ಹತ್ತಿರ ಎಳೆದುಕೊಂಡರು. ಅವಳ ತರಬೇತಿ ರದ್ದು ಎಂದು ಬರೆದು ಸಹಿ ಮಾಡಿದರು. ಕಾಶಪ್ಪನ ಹೆಸರಿನ ಮುಂದೆ ಬರೆದಿದ್ದ 'ಅವನದೇ ತಪ್ಪು' ಎಂಬುದನ್ನೂ ಹೊಡೆದುಹಾಕಿದರು. ಅವಳು ಹೆಲ್ಮೆಟ್ ತಿರುಗಿ ಕೊಟ್ಟು ಕಲಬುರಗಿ ಬಸ್ಸು ಹತ್ತಿದಳು. ಈ ಸುದ್ದಿಯನ್ನು ಕಾಶಪ್ಪನಿಗೆ ತಾನೇ ಹೋಗಿ ಹೇಳಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

ಆಸ್ಪತ್ರೆಯಲ್ಲಿ ಕಾಶಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಹೆಂಡತಿ ರತ್ನಾಬಾಯಿ ಸ್ಟೂಲಿನ ಮೇಲೆ ಕೂತಿದ್ದಳು.

"ಕಾಶಪ್ಪಣ್ಣ, ಬೀಗ ನೀವು ತೆಗೆದಿಲ್ರಿ. ಇವತ್ತ ಹಂಗಂತ ಬರದಾರ," ಎಂದಳು ಮಹೆವಿಶ.

ಅವನು ನಿಧಾನವಾಗಿ ತಿರುಗಿದ. "ಖರೇನಾ? ಬಂದವ್ರೆಲ್ಲಾ ನೀನೇ ತೆಗೆದಿ, ನೀನೇ ತೆಗೆದಿ ಅಂತಿದ್ರವ್ವಾ. ನಾನೇ ತೆಗೆದಿರಬೇಕು ಅಂತ ನನಗೂ ಅನಸಾಕತ್ತಿತ್ತು." ಅವನು ಹೆಂಡತಿಯ ಕಡೆ ನೋಡಿದ. "ಕೇಳಿದೇನ? ನಾ ತೆಗೆದಿಲ್ಲಂತ."

ರತ್ನಾಬಾಯಿ ಮಹೆವಿಶಳ ಕೈ ಹಿಡಿದುಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ. ನಿನಗ ಹ್ಯಾಂಗ ಗೊತ್ತಾತು?"

"ನಾ ದಿನಾ ನೋಡ್ತಿದ್ದೆ ಅಕ್ಕಾ."

ಹಿಡಿದ ಕೈ ಸಡಿಲವಾಯಿತು. "ದಿನಾ ನೋಡ್ತಿದ್ದಿ. ಮತ್ತ ಅವಾಗ ಯಾಕ ಹೇಳಲಿಲ್ಲ?"

ಉತ್ತರ ಮಹೆವಿಶಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಇದೇ ಮೊದಲು.

"ಕಾಕಾಗ ಬ್ಯಾಸರಾಗ್ತದ ಅಂತ, ಅಕ್ಕಾ."

ರತ್ನಾಬಾಯಿ ಗಂಡನ ಮೈಮೇಲಿನ ಚಾದರ ಸರಿಸಿ, ಮೊಣಕೈಗೆ ಮುಗಿದುಹೋದ ಬ್ಯಾಂಡೇಜನ್ನು ನೋಡಿದಳು. ಮಹೆವಿಶಳೂ ನೋಡಿದಳು. ಆಗ ಬಂತು ಅಳು.