ಫೇಲಾದ ನಾಲ್ಕು ಜಾಯಿಂಟು

ಇನ್‌ಸ್ಪೆಕ್ಟರಮ್ಮನ ಬಗ್ಗೆ ಯಾರಾದರೂ ಹಗುರವಾಗಿ ಒಂದು ಮಾತಾಡಿದರೆ ಸಾಕು, ವೆಲ್ಡಿಂಗ್ ಮೇಸ್ತ್ರಿ ಈಗ ಜಗಳಕ್ಕೇ ನಿಲ್ಲುತ್ತಾನೆ. ಮೊದಲು ಅವಳನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಅವನೇ ಎಂಬುದು ಬೇರೆ ಮಾತು.

ಇಪ್ಪತ್ತೆಂಟು ವರ್ಷದಿಂದ ಬಾಯ್ಲರ್ ಕಾರ್ಖಾನೆಯಲ್ಲಿ ಪೈಪು ಬೆಸೆದವನು. ತನ್ನ ಜಾಯಿಂಟನ್ನು ಪರೀಕ್ಷೆಗೆ ಕಳಿಸುವುದೇ ದಂಡ ಎಂದು ಹೇಳಿಕೊಂಡು ತಿರುಗುತ್ತಿದ್ದ. ಜಾಯಿಂಟು ಪರೀಕ್ಷಿಸುವ ಹಳೆಯ ಇನ್‌ಸ್ಪೆಕ್ಟರು ನಿವೃತ್ತರಾಗಿ ಆ ಜಾಗಕ್ಕೆ ಇವಳು ಬಂದಳು. ಬಂದ ತಿಂಗಳಲ್ಲೇ ಮೇಸ್ತ್ರಿಯ ಮೂರು ಜಾಯಿಂಟು ಫೇಲು ಮಾಡಿದಳು.

"ನಿನ್ನೆ ಮೊನ್ನೆ ಬಂದ ಹುಡುಗಿ ನಂಗೆ ಕೆಲ್ಸ ಕಲಿಸ್ತಾಳಾ?" ಎಂದು ಅವನು ಕ್ಯಾಂಟೀನಿನಲ್ಲಿ ಹಾರಾಡಿದ. ಸುತ್ತ ಕೂತವರು ಹೌದೌದು ಎಂದು ತಲೆಯಾಡಿಸಿ, ಅವನು ಬೆನ್ನು ತಿರುಗಿಸಿದ ಮೇಲೆ ಮುಸಿಮುಸಿ ನಕ್ಕರು. ನಾಲ್ಕನೆಯದೂ ಫೇಲಾದರೆ ವೆಲ್ಡಿಂಗ್ ಬಿಟ್ಟು ಗೋಡೌನಿಗೆ ಹೋಗಬೇಕು, ಅದು ಕಾರ್ಖಾನೆಯ ನಿಯಮ. ಅದನ್ನು ನೆನೆದರೇ ಮೇಸ್ತ್ರಿಯ ಜೀವ ಬಾಯಿಗೆ ಬರುತ್ತಿತ್ತು.

ನಾಲ್ಕನೆಯದನ್ನು ಉಸಿರು ಬಿಗಿಹಿಡಿದು ಬೆಸೆದ. ಅದೂ ಫೇಲಾಯಿತು.

ಅವಳ ಕೋಣೆಗೆ ನುಗ್ಗಿದ. "ಗಂಡಸ್ರನ್ನ ತುಳೀಬೇಕು ಅಂತಾನೇ ಬಂದಿದ್ದೀರಾ?"

ಅವಳು ಆ ಜಾಯಿಂಟುಗಳ ನಾಲ್ಕು ಎಕ್ಸ್‌ರೇಗಳನ್ನು ಮೇಜಿನ ಮೇಲೆ ಹರಡಿದಳು. "ಕೂತ್ಕೊಳ್ಳಿ ಮೇಸ್ತ್ರಿ. ಕೈ ಕೆಟ್ಟಿದ್ರೆ ತಪ್ಪು ಎಲ್ಲಿ ಬೇಕಾದ್ರೂ ಇರತ್ತೆ. ನಿಮ್ದು ನಾಲ್ಕರಲ್ಲೂ ಎಡಗಡೆ, ಒಂದೇ ಜಾಗ. ಬಲಗಣ್ಣು ಮುಚ್ಚಿ ಆ ಕ್ಯಾಲೆಂಡರ್ ಓದಿ."

ಮೇಸ್ತ್ರಿ ಬಲಗಣ್ಣು ಮುಚ್ಚಿದ. ಕ್ಯಾಲೆಂಡರೂ ಇಲ್ಲ, ಗೋಡೆಯೂ ಇಲ್ಲ, ಬರೀ ಬಿಳಿ ಮಬ್ಬು. ಹೊಗೆಯೆಂದೋ, ಮುಖವಾಡದ ಗಾಜು ಹಳತಾಯಿತೆಂದೋ ಒಂದು ವರ್ಷದಿಂದ ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದಿದ್ದ.

"ಜಾಯಿಂಟ್ ಪಾಸ್ ಮಾಡಕ್ಕಾಗಲ್ಲ, ಬಾಯ್ಲರ್ ಪಕ್ಕ ಜನ ನಿಂತಿರ್ತಾರೆ," ಎಂದಳು ಅವಳು. "ಆದ್ರೆ ಕೈ ಸರಿಯಿದೆ, ಕಣ್ಣು ತೋರಿಸ್ಬೇಕು ಅಂತ ರಿಪೋರ್ಟಲ್ಲಿ ಬರ್ದಿದ್ದೀನಿ. ವಾಪಸ್ ಬರೋವರ್ಗೂ ನಿಮ್ಮನ್ನ ಗೋಡೌನಿಗೆ ಹಾಕಬಾರ್ದು ಅಂತಾನೂ ಬರ್ದಿದ್ದೀನಿ."

ಮೇಸ್ತ್ರಿ ಕುರ್ಚಿಯನ್ನು ದಡಕ್ಕನೆ ಹಿಂದಕ್ಕೆ ತಳ್ಳಿ ಎದ್ದು ಹೋದ. ಗಂಡಸಿನ ಬಿಗುಮಾನ ಅಷ್ಟು ಬೇಗ ಇಳಿಯುವಂಥದ್ದಲ್ಲ, ಬಿಡಿ.

ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಬೆಳಿಗ್ಗೆ, ಹೆಂಡತಿಯ ಗಲ್ಲದ ಮೇಲಿನ ಸಣ್ಣ ಮಚ್ಚೆ ಎಡಗಣ್ಣಿಗೂ ಕಂಡಿತು. "ಆ ತಾಯಿ ಹೊಟ್ಟೆ ತಣ್ಣಗಿರ್ಲಿ ಕಣೇ," ಎಂದು ಅವನು ಗಳಗಳನೆ ಅತ್ತುಬಿಟ್ಟ.

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿ, ಪರೀಕ್ಷೆಗೆಂದು ಒಂದು ಜಾಯಿಂಟು ಬೆಸೆದುಕೊಟ್ಟ. ಅವಳು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಪಾಸು. ಕೂದಲೆಳೆಯಷ್ಟೂ ಬಿರುಕಿಲ್ಲ."

ಮೇಸ್ತ್ರಿ ಕೈ ಮುಗಿದ. "ನನ್ನ ಕಣ್ಣೂ ಉಳಿಸಿದ್ರಿ, ಅನ್ನಾನೂ ಉಳಿಸಿದ್ರಿ. ನಾನು ನಿಮ್ಮನ್ನ ಏನೇನೋ ಅಂದುಬಿಟ್ಟೆ ಅಮ್ಮಾ."

"ಅಯ್ಯೋ, ಕೈ ಇಳಿಸಿ!" ಅವಳು ನಕ್ಕಳು. "ಇಪ್ಪತ್ತು ವರ್ಷ ನಾನೂ ವೆಲ್ಡಿಂಗ್ ಮಾಡಿದೋಳೇ. ನಂಗೂ ಪೊರೆ ಬಂದಿತ್ತು. ಆಗ ಯಾರೂ ಹೇಳೋರಿರ್ಲಿಲ್ಲ."

ಮೇಸ್ತ್ರಿ ಅವಳನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅರ್ಧ ತಲೆ ನರೆತಿತ್ತು. ಮುಂಗೈ ತುಂಬ ಕಿಡಿ ಸಿಡಿದು ಸುಟ್ಟ ಹಳೆಯ ಕಲೆಗಳು, ಥೇಟ್ ಅವನ ಕೈಯಲ್ಲಿದ್ದಂಥವೇ. ಅವನು ಹುಡುಗಿ ಎಂದವಳಿಗೆ ಐವತ್ತಾದರೂ ಆಗಿತ್ತು. ಇಷ್ಟು ದಿನ ಇದೆಲ್ಲ ಕಾಣಲಿಲ್ಲವಲ್ಲ ಎಂದು ನಾಚಿದ ಮೇಸ್ತ್ರಿ ಪೊರೆಯ ನೆಪ ಹೇಳುವ ಹಾಗೂ ಇರಲಿಲ್ಲ. ಅವನ ಬಲಗಣ್ಣು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.